ಎಡಸುತ್ತಿನ ಗಂಟು

ಬೆಟಗೇರಿಯಲ್ಲಿ ಜೀಪಿನ ಸೀಟು ಹರಿದರೆ ಜನ ಸುಮಿತ್ರವ್ವನನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡನ ಅಣ್ಣ ಪುಂಡಲೀಕಪ್ಪನ ಗ್ಯಾರೇಜಿನ ಹಿಂದೆ, ತಗಡಿನ ನೆರಳಲ್ಲಿ ಕುಳಿತು ಆಕೆ ದಬ್ಬಣದಿಂದ ಹೊಲಿಯುತ್ತಿದ್ದಳು. ದಾರದ ತುದಿಗೆ ಹಾಕುವ ಗಂಟು ಮಾತ್ರ ಆಕೆಯದು ಬೇರೆ. ನೇಕಾರರೆಲ್ಲ ಕಡಿದ ಎಳೆಯನ್ನು ಬಲಕ್ಕೆ ಸುತ್ತಿ ಗಂಟಿಕ್ಕಿದರೆ ಈಕೆ ಎಡಕ್ಕೆ ಸುತ್ತುತ್ತಿದ್ದಳು. ಹೊಸ ಸೊಸೆಯಾಗಿ ಮಗ್ಗದ ಪಕ್ಕ ಕುಳಿತಾಗ ಎಡಚ ಗಂಡ ಹುಚ್ಚೀರಪ್ಪ ಕಲಿಸಿದ್ದು ಅದು. ಊರಲ್ಲಿ ಹಾಗೆ ಗಂಟಿಕ್ಕುವವರು ಅವರಿಬ್ಬರೇ.

ಹುಚ್ಚೀರಪ್ಪ ಅಪ್ಪನೊಡನೆ ಜಗಳಾಡಿ ಮಿಲಿಟರಿಗೆ ಡ್ರೈವರಾಗಿ ಹೋದವನು. ಅವನ ಕಾಗದಗಳನ್ನು ಅಪ್ಪ ಸಿಟ್ಟಿನಿಂದ ಒಲೆಗೆ ಹಾಕಿದ್ದ. ಎಪ್ಪತ್ತೊಂದರ ಯುದ್ಧದ ನಂತರ ಕಾಗದ ಬರುವುದೇ ನಿಂತಿತು. ಯಾವ ಪಲ್ಟನ್ನು, ಏನು ನಂಬರು, ಯಾರಿಗೂ ಗೊತ್ತಿಲ್ಲ. ಅವನ ಲಾರಿ ಗಡಿಯಲ್ಲಿ ಸುಟ್ಟುಹೋಯಿತಂತೆ ಎಂದು ರಜೆಗೆ ಬಂದ ಮುಂಡರಗಿಯ ಸಿಪಾಯಿಯೊಬ್ಬ ಹೇಳಿದ. ಎಪ್ಪತ್ನಾಲ್ಕರವರೆಗೆ ಕಾದು, ಹಿರಿಯರು ಜೋಳದ ಹಿಟ್ಟಿನ ಗೊಂಬೆ ಮಾಡಿ, ಅದಕ್ಕೆ ಅವನ ಅಂಗಿ ತೊಡಿಸಿ ಮಣ್ಣು ಮಾಡಿದರು. ಅಂದೇ ಸುಮಿತ್ರವ್ವನ ಬಳೆ ಒಡೆದು, ಕುಂಕುಮ ಒರೆಸಿದರು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಬೆಳ್ಳಟ್ಟಿಯ ಚನ್ನಬಸವಣ್ಣ ಪುಣೆಯ ಹರಾಜಿನಲ್ಲಿ ಹಿಡಿದ ಮಿಲಿಟರಿ ಜೀಪೊಂದನ್ನು ಲಾರಿಯಲ್ಲಿ ಹೇರಿ ತಂದ. ಮಗನ ಮದುವೆಯ ಮೆರವಣಿಗೆ ಅದರಲ್ಲೇ ಆಗಬೇಕು.

"ಪುಂಡಲೀಕಪ್ಪ, ಮದುಮಗನಕಿಂತ ಜೀಪ ಚಂದ ಕಾಣಬೇಕ ನೋಡು."

"ನಿಮ್ಮ ಮಗನ್ನ ನೋಡೀನ್ರಿ ಧಣಿ. ಅದೇನ ದೊಡ್ಡ ಕೆಲಸಲ್ಲ ಬಿಡ್ರಿ."

ಮರುದಿನ ಡ್ರೈವರ್ ಸೀಟಿನ ಹಳೆ ಹೊಲಿಗೆ ಬಿಚ್ಚುತ್ತಿದ್ದ ಸುಮಿತ್ರವ್ವನ ಕೈ ನಿಂತಿತು. ತುದಿಯಲ್ಲಿ ಎಡಸುತ್ತಿನ ಗಂಟು. ನಾನೇ ಯಾವಾಗಲೋ ಹೊಲಿದೆನೇನೋ ಎಂದುಕೊಂಡಳು. ಆದರೆ ಜೀಪು ಈ ಸೀಮೆಗೆ ಬಂದದ್ದೇ ನಿನ್ನೆ. ಸಾಯುವ ಮುಂಚೆ ಅವನು ಕೂತ ಜಾಗ ಇದು ಎಂದು ಮೆಲ್ಲಗೆ ಅಂಗೈ ಊರಿದಳು.

"ಬಾವಾರ, ಈ ಜೀಪ ಯಾವ ಕಾಲದ್ದರಿ?"

ಪುಂಡಲೀಕಪ್ಪ ಬಾನೆಟ್ಟಿನೊಳಗಿನ ಹಿತ್ತಾಳೆ ತಗಡನ್ನು ಒರೆಸಿದ. "ಎಪ್ಪತ್ತಾರರಾಗ ತಯಾರಾದದ್ದು."

ಆಕೆಯ ಕೈ ತನಗೆ ತಾನೇ ಬರಿದಾದ ಹಣೆಗೆ ಹೋಯಿತು. ಬದುಕಿದ್ದಾನೆ. ಹತ್ತು ವರ್ಷದಿಂದ ಒಳಗೆ ಒಣಗಿದ್ದ ಏನೋ ಒಂದು ಕ್ಷಣ ಚಿಗುರಿತು. ಅವಸರದಿಂದ ಸೀಟಿನ ಹೊದಿಕೆ ಸರಿಸಿದಳು. ತೆಂಗಿನ ನಾರಿನ ನಡುವೆ ಮೆತ್ತಗಿರಲೆಂದು ತುರುಕಿದ ಹಳೆ ಅರಿವೆಬಟ್ಟೆ. ಎಳೆದು ಬಿಡಿಸಿದರೆ ಎಳೆಗೂಸಿನ ಹೂವಿನ ಫ್ರಾಕು. ಅದರ ಗುಂಡಿಯ ದಾರವೂ ಎಡಕ್ಕೇ ಸುತ್ತಿತ್ತು. ಗಂಡಸು ಪರರ ಕೂಸಿನ ಅಂಗಿಗೆ ಗುಂಡಿ ಹಚ್ಚುತ್ತಾ ಕೂರುವುದಿಲ್ಲ.

ಹತ್ತಿರ ಬಂದ ಪುಂಡಲೀಕಪ್ಪ ಗಂಟು ನೋಡಿದ, ಫ್ರಾಕು ನೋಡಿದ. ಅಲ್ಲೇ ಟೈರಿನ ಮೇಲೆ ಕುಳಿತ.

"ಬಾವಾರ, ಆವತ್ತು ಮಣ್ಣ ಮಾಡೂವಾಗ ನೀವು ಹೆಗಲು ಕೊಟ್ಟಿದ್ದು ಯಾವುದಕ್ಕರಿ?"

"ಜ್ವಾಳದ ಹಿಟ್ಟಿಗವ್ವಾ." ಅವನು ದಡಕ್ಕನೆ ಎದ್ದ. "ಪುಣೆಕ ಹೋಗಿ ಹುಡುಕಸ್ತೀನಿ ಅಂವನ್ನ. ನಾಕ ಮಂದಿ ಮುಂದ ಎಳಕೊಂಡ ಬರ್ತೀನಿ. ನಿನ್ನ ಕುಂಕುಮ ನಿನಗ ಬರಲಿ."

"ಕುಂಕುಮ ಹಚ್ಚಿಕೊಂಡ್ರ ಮಂದಿ ಗಂಡ ಎಲ್ಲದಾನ ಅಂತಾರ. ಯಾರ ಮನ್ಯಾಗ ಅಂತ ಹೇಳ್ಲಿರಿ?" ಆಕೆ ಫ್ರಾಕನ್ನು ಮಡಚಿದಳು. "ನೀವು ಒಮ್ಮೆ ಮಣ್ಣು ಮಾಡೀರಿ. ತಿರುಗಿ ಅಗಿಯೂದು ಬ್ಯಾಡ."

ಫ್ರಾಕನ್ನು ಇದ್ದಲ್ಲೇ ಇಟ್ಟು, ಮೇಲೆ ಹೊಸ ರೆಗ್ಜಿನ್ ಎಳೆದು ಹೊಲಿದಳು. ಕೊನೆಯ ಗಂಟಿಗೆ ಬೆರಳು ರೂಢಿಯಂತೆ ಎಡಕ್ಕೇ ಹೊರಳಿತು. ಬಿಚ್ಚಿ, ಎಲ್ಲರಂತೆ ಬಲಕ್ಕೆ ಸುತ್ತಿದಳು.

ಜೀಪಿನ ಪೂಜೆಗೆ ಬೆಳ್ಳಟ್ಟಿಯವರು ಹಿಂಡುಗಟ್ಟಿ ಬಂದರು. ಚನ್ನಬಸವಣ್ಣನ ಹೆಂಡತಿ ಅನ್ನಪೂರ್ಣವ್ವ ಆರತಿ ತಟ್ಟೆ ಹಿಡಿದು, "ಸುಮಿತ್ರವ್ವಾ, ತಪ್ಪ ತಿಳೀಬ್ಯಾಡ. ಮದವಿ ಕೆಲಸ. ಮುತ್ತೈದೇರು ಮುಂದ ಬರಲಿ," ಎಂದಳು. ಪುಂಡಲೀಕಪ್ಪ ಬಾಯಿ ತೆರೆದ. ಸುಮಿತ್ರವ್ವ ಅವನನ್ನು ದಿಟ್ಟಿಸಿದಳು. ಅವನು ಬಾಯಿ ಮುಚ್ಚಿದ. ಆಕೆ ಬೇವಿನ ಮರದ ಹಿಂದಕ್ಕೆ ಸರಿದು ನಿಂತಳು.

ಸ್ಟೇರಿಂಗ್ ಮುಂದೆ ಕುಳಿತ ಮದುಮಗ ಒಮ್ಮೆ ಕುಲುಕಾಡಿ ನಕ್ಕ.

"ಭಾಳ ಮೆತ್ತಗೈತಿ. ಏನ ತುಂಬೀಬೇ ಇದರಾಗ?"

"ಹಳೇ ಅರಿವಿ," ಎಂದಳು ಸುಮಿತ್ರವ್ವ.