ಡಿಕ್ಕಿ ಮೇಷ್ಟ್ರ ಪೆಟ್ಟಿಗೆ

ಕಾರು ಕಲಿಸುವ ಮೇಷ್ಟ್ರಿಗೆ ಡಿಕ್ಕಿ ಮೇಷ್ಟ್ರು ಅಂತ ಹೆಸರು ಬಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ ಹೇಳಿ. ಕಲಿಯಲು ಬಂದವರು ಬೋರ್ಡು ನೋಡಿಯೇ ವಾಪಸು ಹೋಗಬೇಕು. ಆದರೆ ಈ ಮೇಷ್ಟ್ರು ಆ ಹೆಸರನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದರು. ಯಾರಾದರೂ ಮುಸಿಮುಸಿ ನಕ್ಕರೆ, "ಗುದ್ದೋ ಡಿಕ್ಕಿ ಅಲ್ಲ ಸ್ವಾಮಿ, ಸಾಮಾನಿಡೋ ಡಿಕ್ಕಿ" ಎಂದು ತಾವೇ ಬಿಡಿಸಿ ಹೇಳಿ, ಕಾರಿನ ಹಿಂದಕ್ಕೆ ಕರೆದುಕೊಂಡು ಹೋಗಿ ಮುಚ್ಚಳ ಎತ್ತುತ್ತಿದ್ದರು. ಒಮ್ಮೆ ಎತ್ತಿದರೆ ಮುಗಿಯಿತು, ನೋಡುವವರ ಕಾಲು ನೋಯುವವರೆಗೆ ಬಿಡುತ್ತಿರಲಿಲ್ಲ.

ಅಲ್ಲಿದ್ದದ್ದು ಒಂದು ತಗಡಿನ ಪೆಟ್ಟಿಗೆ. ಅದರೊಳಗೆ, ರಸ್ತೆಯಲ್ಲಿ ಪೆಟ್ಟು ತಿಂದು ಬಿದ್ದ ನಾಯಿಗೋ ಬೆಕ್ಕಿಗೋ ಬೇಕಾಗುವ ಸಕಲ ಸರಂಜಾಮು. ಎತ್ತಿ ಮಲಗಿಸಲು ದಪ್ಪನೆಯ ಕಂಬಳಿ. ಕಣ್ಣಿಗೆ ಮರೆಯಾದರೆ ಪ್ರಾಣಿಯ ಗಾಬರಿ ಇಳಿಯುತ್ತದೆಂದು ತಲೆಗೆ ಹೊದಿಸಲು ಟವೆಲು. ಮೊಣಕೈವರೆಗೆ ಬರುವ ಚರ್ಮದ ಕೈಗವಸು. ಕಚ್ಚದ ಹಾಗೆ ಮೂತಿ ಕಟ್ಟಲು ಬ್ಯಾಂಡೇಜು ಬಟ್ಟೆ. ಹಕ್ಕಿ ಸಿಕ್ಕಿದರೆ ಇರಲಿ ಎಂದು ತೂತು ಹೊಡೆದ ರಟ್ಟಿನ ಡಬ್ಬ, ಟಾರ್ಚು, ನೀರಿನ ಬಾಟಲಿ, ಹಿಂದೆ ಬರುವ ಗಾಡಿಗಳಿಗೆ ಕಾಣಲೆಂದು ರಸ್ತೆಯಲ್ಲಿ ಇಡುವ ಕೆಂಪು ತ್ರಿಕೋನ. ಪಶು ಆಸ್ಪತ್ರೆಯ ಫೋನ್ ನಂಬರನ್ನು ಮುಚ್ಚಳದ ಒಳಬದಿಗೆ ಪೇಂಟರ್ ಕೈಲಿ ಬರೆಸಿದ್ದರು.

ಈ ಹುಚ್ಚು ಹತ್ತಿಸಿದವರು ಅದೇ ಆಸ್ಪತ್ರೆಯ ಡಾಕ್ಟರಮ್ಮ. ಯಾವಾಗಲೋ ಒಂದು ಭಾನುವಾರ ಗಾಡಿ ಓಡಿಸುವವರಿಗೆಂದು ಅವರು ತರಬೇತಿ ಕೊಟ್ಟಾಗ ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳಿ, ಮನೆಗೆ ಬರುವ ದಾರಿಯಲ್ಲೇ ಪೆಟ್ಟಿಗೆ ಕೊಂಡಿದ್ದರು. ಅವತ್ತಿನಿಂದ ಅವರ ಶಾಲೆಯಲ್ಲಿ ಪ್ರತಿ ತಂಡದ ಕೊನೆಯ ತರಗತಿ ಪೆಟ್ಟಿಗೆ ಪಾಠ. "ಗಾಯ ಆದ ಪ್ರಾಣಿ ಸಾಕಿದವರನ್ನೂ ಕಚ್ಚುತ್ತೆ. ಅದು ಸಿಟ್ಟಲ್ಲ, ನೋವು. ಅದಕ್ಕೇ ಮೊದಲು ಕೈಗವಸು, ಆಮೇಲೆ ಕರುಣೆ!" ಎಂದು ಹೇಳಿ, ನಗುವವರಿಗೆ ನಗಲು ಸ್ವಲ್ಪ ಸಮಯ ಕೊಡುತ್ತಿದ್ದರು.

ಮಾತು ಒಳ್ಳೆಯದೇ, ಉದ್ದೇಶವೂ ಒಳ್ಳೆಯದೇ. ಆದರೆ ಪೆಟ್ಟಿಗೆ ಒಂದು ಸಲವೂ ಕೆಲಸಕ್ಕೆ ಬಂದಿರಲಿಲ್ಲ. ಒಮ್ಮೆ ರಸ್ತೆಬದಿಯಲ್ಲಿ ಬೆಕ್ಕೊಂದು ಅಲುಗಾಡದೆ ಬಿದ್ದಿದ್ದನ್ನು ಕಂಡು ಮೇಷ್ಟ್ರು ಗಡಬಡಿಸಿ ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಅದು ಎದ್ದು, ಮೈಮುರಿದು, ನಿದ್ದೆ ಕೆಡಿಸಿದ್ದಕ್ಕೆ ಇವರನ್ನೊಮ್ಮೆ ದುರುಗುಟ್ಟಿ ನೋಡಿ ಹೋಗಿತ್ತು. ಅದನ್ನು ಬಿಟ್ಟರೆ ಕಂಬಳಿಗೆ ಬಿಸಿಲು ಕಾಯುವುದು, ಕೈಗವಸಿಗೆ ಎಣ್ಣೆ ತಿನ್ನುವುದು, ಇವೇ ಕೆಲಸ.

ಹಾಗೆ ಜೋಪಾನ ಮಾಡಿದ್ದನ್ನು ಮನೆಯವರು ಮುಟ್ಟಿದರೆ ಮೇಷ್ಟ್ರಿಗೆ ಮೈಯೆಲ್ಲ ಉರಿ. ಬಾಮೈದ ಒಂದು ದಿನ ಅದೇ ಟವೆಲಿನಲ್ಲಿ ಕಾರಿನ ಗಾಜು ಒರೆಸಿದ. ಅದಾಗಿ ಸ್ವಲ್ಪ ದಿನಕ್ಕೆ, ಎಲ್ಲರೂ ಕಾರಿನಲ್ಲಿ ಎಲ್ಲಿಗೋ ಹೊರಟಾಗ ಅತ್ತೆಗೆ ಚಳಿಯಾಗಿ ಕಂಬಳಿ ಕೇಳಿದರು. "ಅದು ಪ್ರಾಣಿಗಳದು ಅತ್ತೆ" ಎಂದರು ಮೇಷ್ಟ್ರು. ಅತ್ತೆ ಮಗಳ ಕಡೆ ತಿರುಗಿ, "ನಿನ್ನ ಗಂಡನ ಹತ್ರ ಕಂಬಳಿ ಬೇಕು ಅಂದ್ರೆ ಬೊಗಳ್ಬೇಕೇನೇ?" ಎಂದರು. ಕಾರಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಮಾತ್ರ ಮುಖ ಊದಿಸಿಕೊಂಡು ಗಾಡಿ ಓಡಿಸಿದರು. ಮಾರನೆಯ ದಿನ ಪೆಟ್ಟಿಗೆಗೆ ಬೀಗ ಬಿತ್ತು. ಕೀಲಿಕೈ ಅವರ ಜೇಬಿನ ಗೊಂಚಲಿಗೆ ಸೇರಿತು.

"ನೀವಿಲ್ಲದಾಗ ಬೇಕಾದ್ರೆ?" ಎಂದು ಹೆಂಡತಿ ಕೇಳಿದ್ದಳು.

"ನಾನಿಲ್ಲದೆ ಈ ಕಾರು ಎಲ್ಲಿಗೆ ಹೋಗುತ್ತೆ?"

ಹೋಗುತ್ತಿತ್ತು. ಹೆಂಡತಿಗೆ ಅವರೇ ಕಲಿಸಿದ್ದು, ಅವಳು ಅವರಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಆ ವಿಷಯವನ್ನು ಮೇಷ್ಟ್ರು ಯಾವ ತರಗತಿಯಲ್ಲೂ ಹೇಳಿದವರಲ್ಲ.

ಆ ದಿನ ಅವಳು ಕಾರು ತೆಗೆದುಕೊಂಡು ಹೋದದ್ದೂ ಮೇಷ್ಟ್ರ ಕೆಲಸಕ್ಕೇ. ಮರುದಿನ ಸಂಜೆ ಡ್ರೈವಿಂಗ್ ಶಾಲೆಗಳವರ ಸಭೆಯಲ್ಲಿ ಅವರ ಭಾಷಣವಿತ್ತು. ವಿಷಯ ಏನು ಅಂತ ಕೇಳಬೇಕಾಗಿಲ್ಲ, ಪೆಟ್ಟಿಗೆಯದೇ. ಅದಕ್ಕೆ ಹಾಕಿಕೊಳ್ಳಲು ಕೋಟು ಲಾಂಡ್ರಿಯಲ್ಲಿತ್ತು. "ತೊಗೊಂಡು ಬೇಗ ಬಂದ್ಬಿಡು. ಇವತ್ತು ಪೆಟ್ಟಿಗೆ ಪಾಠ ಇದೆ, ತಡ ಮಾಡಿದ್ರೆ ನನ್ನ ಮರ್ಯಾದೆ ಹೋಗುತ್ತೆ" ಎಂದು ಹೇಳಿ ಕಳಿಸಿದ್ದರು.

ಅವಳು ಬರುವುದು ತಡವಾಯಿತು. ಟೈರ್ ಅಂಗಡಿಯ ಮೇಲಿದ್ದ ಶಾಲೆಯ ಕೋಣೆಯಲ್ಲಿ, ರಸ್ತೆ ಚಿಹ್ನೆಗಳ ಪಟದ ಕೆಳಗೆ ಮೇಷ್ಟ್ರು ಬರಿ ಬಾಯಲ್ಲೇ ಪಾಠ ಶುರು ಮಾಡಿದರು. ಕಾಣದ ಕಂಬಳಿ ಹಾಸಿದರು, ಕಾಣದ ನಾಯಿ ಎತ್ತಿದರು. ಆಗ ಫೋನು ಬಂತು. ಫೋನನ್ನು ಕಿವಿಗೆ ಹಿಡಿಯದಿರುವುದು ಮೇಷ್ಟ್ರ ಇನ್ನೊಂದು ವ್ರತ. ಡ್ರೈವಿಂಗ್ ಕಲಿಸುವವನು ಮಾದರಿಯಾಗಿರಬೇಕು ಎಂದು, ಮನೆಯಲ್ಲಿ ಕುರ್ಚಿ ಮೇಲೆ ಕೂತಿದ್ದರೂ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೇ ಮಾತಾಡುವವರು. ಈಗಲೂ ಹಾಗೇ ಇಟ್ಟರು. ತರಗತಿಗೆಲ್ಲ ಕೇಳಿಸಿತು.

"ರೀ, ಡಿಕ್ಕಿ... ನಾಯಿ ರೀ... ಡಿಕ್ಕಿ..."

"ನಾಯಿನಾ? ಡಿಕ್ಕೀಲಾ? ಯಾರೇ ಬಿಟ್ಟಿದ್ದು ಅದನ್ನ ಡಿಕ್ಕಿಯೊಳಕ್ಕೆ? ನನ್ನ ಪೆಟ್ಟಿಗೆ ಮೇಲೆ ಹತ್ತಿದ್ಯಾ?"

"ಅಯ್ಯೋ ಡಿಕ್ಕೀಲಿ ಅಲ್ಲ ರೀ, ಡಿಕ್ಕಿ ಆಯ್ತು!"

"ಡಿಕ್ಕಿಗೆ ಏನಾಯ್ತು? ಹಿಂದಿಂದ ಯಾರಾದ್ರೂ ಗುದ್ದಿದ್ರಾ? ಮುಚ್ಚಳ ಸರಿಯಾಗಿದ್ಯಾ ನೋಡು!"

ತರಗತಿಯಲ್ಲಿ ನಗು ಎದ್ದಿತು. ಎರಡೂ ಡಿಕ್ಕಿಗಳು ಹೀಗೆ ಒಂದಕ್ಕೊಂದು ಡಿಕ್ಕಿ ಹೊಡೆದರೆ ಯಾರಿಗೆ ನಗು ಬರುವುದಿಲ್ಲ?

"ನಾಯಿ ಅಡ್ಡ ಬಂತು ರೀ. ನಮ್ಮ ಕಾರು ಅದಕ್ಕೆ ಹೊಡೀತು. ರಸ್ತೆ ಮೇಲೇ ಬಿದ್ದಿದೆ, ಏಳ್ತಾ ಇಲ್ಲ..."

ನಗು ನಿಂತಿತು. ಹಿಂದಿನ ಬೆಂಚಿನಲ್ಲಿ ಬೇಕರಿಯಾಕೆ ಕೂತಿದ್ದಳು. ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಇನ್ನೂ ಗೊಂದಲವಿದ್ದ, ಮೇಷ್ಟ್ರ ಬೈಗುಳವನ್ನು ಎಲ್ಲರಿಗಿಂತ ಹೆಚ್ಚು ತಿಂದ ಹೆಂಗಸು. ಅವಳು ಎದ್ದು ನಿಂತು, "ಸಾರ್, ಮೇಡಂಗೆ ಏನೂ ಆಗಿಲ್ಲ ತಾನೆ? ಕೇಳಿ ಸಾರ್" ಎಂದಳು.

ಮೇಷ್ಟ್ರು ಅಂಗೈ ತೋರಿಸಿದರು. "ಶ್... ಒಂದ್ನಿಮಿಷ ಸುಮ್ನಿರಿ."

ಅವರಿಗೆ ಆಗ ಏನಾಗುತ್ತಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಬಿಡುವ ಹಾಗಿಲ್ಲ. ಅವರಿಗೆ ಖುಷಿಯಾಗುತ್ತಿತ್ತು. ಇಷ್ಟು ವರ್ಷ ಕಾದ ಗಳಿಗೆ ಬಂದಿದೆ, ಅದೂ ತುಂಬಿದ ತರಗತಿಯ ಎದುರಿಗೆ. ಎದೆ ಉಬ್ಬಿತು, ಗಂಟಲಿಗೆ ಪಾಠದ ದನಿ ತಾನಾಗಿ ಬಂತು.

"ಗಾಬರಿ ಆಗ್ಬೇಡ. ಗಾಡಿ ಪಕ್ಕಕ್ಕೆ ಹಾಕು. ಪೆಟ್ಟಿಗೆ ತೆಗೆದು ತ್ರಿಕೋನ ಇಡು. ಮೊದಲು ಕೈಗವಸು. ತಲೆ ಮೇಲೆ ಟವೆಲು ಹಾಕಿ, ಉಸಿರಾಟ ಸರಿಯಾಗಿದ್ರೆ ಮಾತ್ರ ಮೂತಿ ಕಟ್ಟು. ಆಮೇಲೆ ಕಂಬಳಿನ ಹಿಂದಿನಿಂದ ತಳ್ಳಿ..."

"ಬೀಗ ಇದೆಯಲ್ಲ ರೀ."

ಮೇಷ್ಟ್ರ ಕೈ ಜೇಬಿಗೆ ಹೋಯಿತು. ಗೊಂಚಲು ಅಲ್ಲೇ ಇತ್ತು. ಅದು ಝಣ್ ಎಂದದ್ದು ಹಿಂದಿನ ಸಾಲಿನವರಿಗೂ ಕೇಳಿಸಿರಬೇಕು, ಎಲ್ಲರ ಕಣ್ಣೂ ಆ ಜೇಬಿನ ಮೇಲೇ ನೆಟ್ಟಿತು.

"ಇಲ್ಲಿದ್ದ ತರಕಾರಿ ಗಾಡಿಯವರು ಜಾಕಿನ ಕಂಬೀಲಿ ಹೊಡೆದು ನೋಡಿದ್ರು, ಒಡೀತಿಲ್ಲ" ಎಂದಳು ಹೆಂಡತಿ. "ಏನಾದ್ರೂ ಗಟ್ಟಿ ಬಟ್ಟೆ ಬೇಕು ಎತ್ತೋಕೆ. ನಿಮ್ಮ ಕೋಟಿದೆ, ಅದನ್ನ ಹಾಸ್ಲಾ?"

ಹಾಸು ಅನ್ನಲು ಎಷ್ಟು ಹೊತ್ತು ಬೇಕು? ಮೇಷ್ಟ್ರಿಗೂ ಗೊತ್ತಿತ್ತು ಹಾಸು ಅನ್ನಬೇಕೆಂದು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು, "ಕೋಟಾ... ನಾಳೆ ಸಂಜೆ..."

ಮೇಜಿನ ಮೇಲಿನ ಫೋನಿನಿಂದ, ಬೇರೆ ಯಾರದೋ ದನಿಯಂತೆ, "ಬೇಡ ಬಿಡಿ, ನನ್ನ ಶಾಲಿದೆ" ಎಂದು ಬಂತು. ಫೋನು ಕಟ್ಟಾಯಿತು.

ಮೇಷ್ಟ್ರು ತಲೆ ಎತ್ತಲಿಲ್ಲ. ಯಾರಾದರೂ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಯಾರೋ ಒಬ್ಬರು ಬನ್ನಿ ಸಾರ್ ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಪಶು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಅವರ ಮುಖ ನೋಡದೆ ಹೊರಟುಹೋದರು.

ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಂತಿತ್ತು. ಕೋಟು ಹಿಂದಿನ ಕಿಟಕಿಯ ಕೊಕ್ಕೆಯಲ್ಲಿ, ಲಾಂಡ್ರಿಯ ಪ್ಲಾಸ್ಟಿಕ್ ಕವರಿನೊಳಗೆ, ಒಂದು ಸುಕ್ಕೂ ಇಲ್ಲದೆ ತೂಗುತ್ತಿತ್ತು. ಮೇಷ್ಟ್ರಿಗೆ ಅದನ್ನು ನೋಡಲಾಗಲಿಲ್ಲ. ಡಿಕ್ಕಿ ತೆಗೆದು, ಬೀಗ ಬಿಚ್ಚಿ, ಕಂಬಳಿಯನ್ನು ಎತ್ತಿಕೊಂಡು ಒಳಗೆ ಓಡಿದರು.

ಒಳಗೆ ಮೇಜಿನ ಮೇಲೆ ಕಂದು ಬಣ್ಣದ ನಾಯಿ, ಅದರ ಕೆಳಗೆ ಹೆಂಡತಿಯ ಶಾಲು. ಡಾಕ್ಟರಮ್ಮ ಸೂಜಿ ಹಾಕಿ ನೋವು ಇಳಿಸಿದ್ದರು. "ಸೊಂಟದ ಮೂಳೆ ಮುರಿದಿದೆ. ಬದುಕುತ್ತೆ, ಕುಂಟುತ್ತೆ" ಎಂದರು. ಮೇಷ್ಟ್ರು ಕಂಬಳಿ ಮುಂದೆ ಹಿಡಿದರು. "ಈಗ ಬೇಡ. ಮತ್ತೆ ಅಲುಗಿಸಿದ್ರೆ ಅದಕ್ಕೇ ಕಷ್ಟ" ಎಂದ ಡಾಕ್ಟರಮ್ಮ ಅವರನ್ನು ಒಂದು ಗಳಿಗೆ ದಿಟ್ಟಿಸಿದರು. "ನಿಮ್ಮನ್ನ ಎಲ್ಲೋ ನೋಡಿದೀನಿ. ನಮ್ಮ ತರಬೇತೀಲಿ ಮುಂದೆ ಕೂತು ಪ್ರಶ್ನೆ ಕೇಳ್ತಿದ್ದೋರಲ್ವಾ?"

ಕಂಡಕಂಡವರಿಗೆಲ್ಲ ತಮ್ಮ ಪರಿಚಯ ತಾವೇ ಮಾಡಿಕೊಳ್ಳುತ್ತಿದ್ದ ಮನುಷ್ಯ. "ಇಲ್ಲ ಮೇಡಂ. ಬೇರೆ ಯಾರೋ ಇರ್ಬೇಕು" ಎಂದುಬಿಟ್ಟರು.

ಹೆಂಡತಿ ಮೂಲೆಯಲ್ಲಿ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಸೋಪು. ನೀರು ಸುರಿಯುತ್ತಲೇ ಇತ್ತು.

"ರಕ್ತ ಅಂಟಿತಾ? ಇಷ್ಟೊತ್ತು ತೊಳೀಬೇಕಾ?" ಎಂದು ಹತ್ತಿರ ಹೋದರು.

"ನಾಯೀದಲ್ಲ ರೀ, ನಂದೇ. ಕಚ್ಚಿತು." ಹೆಬ್ಬೆರಳಿನ ಬುಡದಲ್ಲಿ ಹಲ್ಲಿನ ಗುರುತು ಕಾಣುತ್ತಿತ್ತು. "ಡಾಕ್ಟರು ತೊಳೀತಾ ಇರಿ ಅಂದಿದಾರೆ. ಆಮೇಲೆ ಕ್ಲಿನಿಕ್ಕಿಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೋಬೇಕಂತೆ."

"ಎತ್ತುವಾಗ ಕಚ್ಚಿತಾ?"

"ಇಲ್ಲ. ಬಿದ್ದ ತಕ್ಷಣ ಹೋಗಿ ತಲೆ ಸವರೋಕೆ ಹೋದೆ. ಆಗ್ಲೇ."

"ಅಂದ್ರೆ, ಫೋನ್ ಮಾಡಿದ್ದು..."

"ಕಚ್ಚಿದ ಮೇಲೆ."

ಮೇಷ್ಟ್ರು ಕಂಬಳಿ ಎದೆಗೊತ್ತಿಕೊಂಡು ನಿಂತೇ ಇದ್ದರು. ಕೈಯಿಂದ ರಕ್ತ ಸೋರುತ್ತ ಅವಳು ಫೋನ್ ಮಾಡಿದಾಗ ತಾವು ಪೆಟ್ಟಿಗೆಯನ್ನು ಕೇಳಿದ್ದರು, ಡಿಕ್ಕಿಯ ಮುಚ್ಚಳವನ್ನು ಕೇಳಿದ್ದರು, ಕೋಟಿಗೆ ತಡವರಿಸಿದ್ದರು. ಕೇಳಬೇಕಾದ ಒಂದೇ ಒಂದು ಮಾತನ್ನು ಬೇರೆಯವರು ಬಾಯಿಗೆ ತಂದುಕೊಟ್ಟರೂ ಶ್ ಎಂದಿದ್ದರು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅದು ನುಂಗಲಿಲ್ಲ. ಕಾರು ಅವರೇ ಓಡಿಸಬೇಕಾಯಿತು.

ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಮುಗಿಸಿ ಮನೆಯ ಕಡೆ ತಿರುಗಿದಾಗ ಮೇಷ್ಟ್ರು, "ನೋವಿದ್ಯಾ?" ಎಂದರು. ಈಗ ಆ ಮಾತು ಎಷ್ಟು ಹಳಸಲಾಗಿದೆ ಎಂದು ಅವರಿಗೇ ಕೇಳಿಸಿತು.

"ಪರವಾಗಿಲ್ಲ." ಅವಳು ಬೈಯಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೇಳಿದಳು: "ಫೋನಲ್ಲಿ ಹಿಂದೆ ಯಾರೋ ಹೆಣ್ಣುಮಗಳ ದನಿ ಕೇಳಿಸ್ತು. ಮೇಡಂಗೆ ಏನೂ ಆಗಿಲ್ಲ ತಾನೆ ಅಂತ. ಯಾರದು?"

"ಬೇಕರಿಯಾಕೆ ಒಬ್ಬಳಿದಾಳೆ."

"ಅವಳಿಗೆ ಹೇಳಿ, ಇಂಜೆಕ್ಷನ್ ಆಯ್ತು, ಈಗ ಚೆನ್ನಾಗಿದೀನಿ ಅಂತ."



ಮಾರನೆಯ ದಿನ ಬೆಳಿಗ್ಗೆ ಸಭೆಯವರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದರು. ಯಾಕೆ ಎಂದು ಕೇಳಿದರೆ, ಕೋಟು ಇನ್ನೂ ಲಾಂಡ್ರಿಯಿಂದ ಬಂದಿಲ್ಲ ಎಂದು ಸುಳ್ಳು ಹೇಳಿದರು. ತರಗತಿಯನ್ನು ಮಾತ್ರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ, ಅರ್ಧಕ್ಕೆ ನಿಂತ ಪಾಠಕ್ಕೆ ಎಲ್ಲರೂ ಬಂದಿದ್ದರು. ಮೇಷ್ಟ್ರು ಪಾಠ ಎತ್ತಿಕೊಳ್ಳಲಿಲ್ಲ. ಹಿಂದಿನ ಬೆಂಚಿನವರೆಗೆ ನಡೆದುಹೋದರು. ಬೇಕರಿಯಾಕೆ ಇನ್ನೇನು ಬೈಗುಳವೋ ಎಂದು ಎದ್ದು ನಿಂತಳು.

"ನಮ್ಮನೆಯವಳು ನಿಮಗೆ ಹೇಳಿ ಕಳಿಸಿದಾಳೆ. ನಾಯಿ ಕಚ್ಚಿತ್ತಂತೆ. ಇಂಜೆಕ್ಷನ್ ಆಯ್ತು, ಈಗ ಚೆನ್ನಾಗಿದೀನಿ ಅಂದ್ಲು."

"ಅಯ್ಯೋ ಪಾಪ!" ಎಂದಳು ಬೇಕರಿಯಾಕೆ. ಆಮೇಲೆ ಅರ್ಥವಾಗದೆ ಸುತ್ತ ನೋಡಿದಳು. "ಆದ್ರೆ ಸಾರ್, ನನಗ್ಯಾಕೆ ಹೇಳಿ ಕಳಿಸಿದ್ರು? ಮೇಡಂಗೆ ನನ್ನ ಪರಿಚಯಾನೇ ಇಲ್ಲವಲ್ಲ."

ಇಡೀ ತರಗತಿ ತಿರುಗಿ ಕೂತಿತ್ತು. ಈ ಸಲ ಮೇಷ್ಟ್ರ ಗಂಟಲಿಗೆ ಪಾಠದ ದನಿ ಬರಲಿಲ್ಲ.

"ನಿನ್ನೆ ಅವಳನ್ನ ವಿಚಾರಿಸಿದ್ದು ನೀವೊಬ್ಬರೇ ಅಮ್ಮಾ" ಎಂದರು.