ಹಿಂದಿನ ಸೀಟಿನ ತೀರ್ಪು

ಮಹದೇವಪುರದ ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯಲ್ಲಿ ದಾವಣಗೆರೆ ಕಡೆಯ ನಿವೃತ್ತ ಗಣಿತದ ಮೇಡಂ ಇದ್ದರು. ಏನು ಕೇಳಿದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೊದ್ಲು ನೋಡೂಣ ತಡೀರಿ," ಎನ್ನುತ್ತಿದ್ದರು. ಕಾರು, ಬಸ್ಸಿನಲ್ಲಿ ಕೂತರೆ ಮಾತ್ರ ಅವರಿಗೆ ವಾಂತಿ. ಹಾಗಾಗಿ ರೈಲು ಹೋಗದ ತಂಗಿಯ ಊರಿಗೆ ಹೋಗುವುದನ್ನೇ ಬಿಟ್ಟಿದ್ದರು.

ನಾನು ಸೆಕೆಂಡ್ ಹ್ಯಾಂಡ್ ಎಸ್ಟೇಟ್ ಕಾರು, ಅಂದರೆ ಹಿಂದೆ ಉದ್ದನೆಯ ಡಿಕ್ಕಿ ಇರುವಂಥದ್ದು, ನೋಡಲು ಹೊರಟಾಗ ಅವರಿಗೂ ಹೊಂದುವ ಕಾರೇ ಇರಲೆಂದು ಆಟೋದಲ್ಲಿ ಅವರನ್ನೂ ಕರೆದೊಯ್ದೆ. ಅತ್ತಿಬೆಲೆಯ ಶೋರೂಮಿನಲ್ಲಿ ಒಂದೇ ಮಾದರಿಯ, ಬಿರುಸಾಗಿ ಓಡುವ ಎರಡು ಕಾರುಗಳಿದ್ದವು. ಒಂದಕ್ಕೆ ಗಾಳಿ ತುಂಬಿದ ಮೆತ್ತನೆಯ ಸಸ್ಪೆನ್ಷನ್, ಇನ್ನೊಂದಕ್ಕೆ ಗಟ್ಟಿ ಸ್ಪ್ರಿಂಗಿನದು. ಮೇಡಂಗೆ ಮೆತ್ತನೆಯದೇ ಸರಿ ಎಂದುಕೊಂಡಿದ್ದೆ.

ಮೆತ್ತನೆಯ ಕಾರು ದೋಣಿಯಂತೆ ತೇಲಿತು. ಎರಡು ತಿರುವು ದಾಟುವಷ್ಟರಲ್ಲಿ ಮೇಡಂ ಕಣ್ಣು ಮುಚ್ಚಿ, "ವಾಪಸ್ ತಿರುಗಿಸ್ರಿ," ಎಂದರು. ಶೋರೂಮಿನಲ್ಲಿ ನೀರು ಕುಡಿದು, ಇನ್ನೊಂದು ಕಾರಿನ ಹಿಂದಿನ ಸೀಟಿಗೆ ತಾವೇ ಹತ್ತಿದರು.

"ಬೇಡ ಮೇಡಂ, ಇದು ತುಂಬಾ ಕುಲುಕುತ್ತೆ."

"ಮೊದ್ಲು ನೋಡೂಣ ತಡೀರಿ."

ರಸ್ತೆಯ ಪ್ರತಿ ಹಂಪೂ ಬೆನ್ನಿಗೆ ತಟ್ಟಿತು. ಆದರೆ ತಿರುವಿನಲ್ಲಿ ಕಾರು ವಾಲಲಿಲ್ಲ, ತೂಗಾಡಲಿಲ್ಲ. ಹೆದ್ದಾರಿಗೆ ಬಂದು ಆಕ್ಸಿಲರೇಟರ್ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಮೇಡಂ ಮುಂದಿನ ಸೀಟನ್ನು ಹಿಡಿದುಕೊಂಡು, ಕಣ್ಣರಳಿಸಿ ನಗುತ್ತಿದ್ದರು.

"ವಾಂತಿ ಬರ್ತಿಲ್ವಾ ಮೇಡಂ?"

"ಇಲ್ರೀ. ಇನ್ನೂ ಸ್ವಲ್ಪ ಜೋರಾಗಿ ಬಿಡ್ರಿ."

ಶೋರೂಮಿಗೆ ಮರಳಿದ ಮೇಲೂ ಅವರು ಇಳಿಯಲಿಲ್ಲ. ಇದನ್ನೇ ಕೊಳ್ಳುತ್ತೇನೆಂದು ನಾನು ಹೇಳುವ ಮೊದಲೇ, ಕೂತಲ್ಲಿಂದಲೇ ತಂಗಿಗೆ ಫೋನ್ ಮಾಡಿದರು.

"ಐತ್ವಾರ ಬರ್ತೀನವ್ವ. ಕಾರಿನಾಗೆ."