ಒಸಡಿನ ವೈರಸ್ಸೂ ಅಪ್ಪನ ಹೆಮ್ಮೆಯೂ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ಬೇಸಿನ್ನಿನ ಬಿಳುಪಿನಲ್ಲಿ ಒಂದು ಕೆಂಪು ಎಳೆ ಕಂಡರೆ ನೀವೇನು ಮಾಡುತ್ತೀರೋ ತಿಳಿಯದು. ನಾನಂತೂ ನಲ್ಲಿ ತಿರುಗಿಸಿ, ಸಾಕ್ಷ್ಯನಾಶ ಮಾಡಿ, ಹೆಂಡತಿಯೆದುರು ನಿರಪರಾಧಿಯ ಮುಖ ಹೊತ್ತು ಕಾಫಿಗೆ ಕೂರುತ್ತಿದ್ದೆ. ಹಲ್ಲು ಉದುರಿದವನಿಗೆ ಲೋಕದ ಅನುಕಂಪವಾದರೂ ಉಂಟು, ಒಸಡು ಊದಿದವನ ಗೋಳಿಗೆ ಶ್ರೋತೃಗಳೇ ಇಲ್ಲ.

ಈ ಉಪೇಕ್ಷಿತ ಒಸಡಿಗೆ ನಮ್ಮ ಮನೆಯಲ್ಲಿ ಏಕಾಏಕಿ ಪ್ರತಿಷ್ಠೆ ಬಂದದ್ದು ಮಗಳು ಸುಮನಾಳಿಂದ. ದಂತವೈದ್ಯೆಯಾದ ಅವಳು ಉನ್ನತ ವ್ಯಾಸಂಗಕ್ಕೆ ಆರಿಸಿಕೊಂಡದ್ದು ಒಸಡಿನ ರೋಗವನ್ನೇ. ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ, ಸೊಂಟಕ್ಕೆ ಸರ್ಪಸುತ್ತು ತರುವ ಹರ್ಪಿಸ್ ಎಂಬ ವೈರಸ್ ಕುಲದ ಕೆಲವು ಸದಸ್ಯರು ಒಸಡಿನ ಸಂದಿಯಲ್ಲೂ ಬಿಡಾರ ಹೂಡಿ, ಅಲ್ಲಿನ ರಕ್ಷಣಾಬಲವನ್ನು ಕುಗ್ಗಿಸಿ, ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆಯುತ್ತಾರೆಯೇ ಎಂಬುದು ಅವಳ ಅಧ್ಯಯನದ ಪ್ರಶ್ನೆ. ಪ್ರಶ್ನೆ ಎಂದೆ, ಗಮನಿಸಿ. ಆದರೆ ಮೂವತ್ತು ವರ್ಷ ಮೇಷ್ಟ್ರಾಗಿದ್ದವನ ಬಾಯಲ್ಲಿ ಪ್ರಶ್ನೆಗಳು ಬಹಳ ಹೊತ್ತು ಪ್ರಶ್ನೆಗಳಾಗಿ ಉಳಿಯುವುದಿಲ್ಲ. ಕೋಟೇಶ್ವರದಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆಲ್ಲ, ಒಸಡಿನ ರೋಗಕ್ಕೆ ವೈರಸ್ಸೇ ಕಾರಣವೆಂದು ನನ್ನ ಮಗಳು ಕಂಡುಹಿಡಿದಿದ್ದಾಳೆ ಎಂದು ಸಾರಿಬಿಟ್ಟೆ. ಅವರು ಇಳಿಯುವ ತನಕ ಬಿಡುತ್ತಿರಲಿಲ್ಲ.

ಸುದ್ದಿ ಊರು ಸುತ್ತಿ, ಕೊನೆಗೆ ಶಾಲೆಯ ಸಭಾಂಗಣದಲ್ಲಿ ಸುಮನಾಳಿಗೆ ಸನ್ಮಾನವೂ ನಿಗದಿಯಾಯಿತು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನಲ್ಲಿ ನಾನು ಉಬ್ಬಿ ಕುಳಿತಿದ್ದೆ. ಅಷ್ಟರಲ್ಲಿ ದಿನಸಿ ಅಂಗಡಿಯ ಸುಬ್ರಾಯಣ್ಣ ಎದ್ದು ನಿಂತರು.

"ಮಾಷ್ಟ್ರ್ ವೈರಸ್ಸೇ ಕಾರಣ ಅಂದೇಳಿ ಹೇಳ್ರ್. ಹಾಂಗಾರೆ ತಿಕ್ಕಿ ಎಂತ ಪ್ರಯೋಜ್ನ ಅಂದೇಳಿ ನಾ ಹಲ್ಲ್ ತಿಕ್ಕುದೇ ಬಿಟ್ಟಿದೆ. ಅಡ್ಡಿಲ್ಯಾ?"

ಸಭೆ ನಕ್ಕಿತು. ನನಗೆ ಮಾತ್ರ ಬೆವರು ಬಂತು. ಮಗಳು ಹೌದೆಂದರೆ ಸುಬ್ರಾಯಣ್ಣನ ಹಲ್ಲು ಹೋಗುತ್ತದೆ, ಅಲ್ಲವೆಂದರೆ ನನ್ನ ಮಾನ ಹೋಗುತ್ತದೆ. ಹೇಗಾದರೂ ತೇಲಿಸಿ ಮಾತಾಡಲಿ ಎಂದು ನಾನು ಹಾರೈಸಿದ್ದು ನಿಜ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಸುಮನಾ ಮೈಕನ್ನು ಹತ್ತಿರ ಎಳೆದುಕೊಂಡಳು. "ಅಪ್ಪಯ್ಯ ಹೇಳದ್ ತಪ್ಪ್. ನಾ ಎಂತದೂ ಕಂಡುಹಿಡೀಲಿಲ್ಲ. ವೈರಸ್ಸಿನ ಪಾಲ್ ಎಷ್ಟ್ ಅಂದೇಳಿ ಇನ್ನೂ ಯಾರಿಗೂ ಸಮಾ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಹಲ್ಲ್ ತಿಕ್ಕುದ್ ಮಾತ್ರ ಬಿಡುಕಾಗ."

ನಾನು ತರಗತಿಯಲ್ಲಿ ಗೊತ್ತಿಲ್ಲ ಎಂದವನೇ ಅಲ್ಲ. ಉತ್ತರ ತಿಳಿಯದಾಗ ಪ್ರಶ್ನೆ ಕೇಳಿದ ಹುಡುಗನನ್ನೇ ಗದರಿಸಿ ಕೂರಿಸುತ್ತಿದ್ದೆ. ಇವಳು ಶಾಲು ಹೊದ್ದುಕೊಂಡೇ, ತನ್ನನ್ನು ಹೊಗಳಲು ನೆರೆದವರ ಎದುರಿಗೇ, ಆ ಮಾತನ್ನು ತಲೆಯೆತ್ತಿ ಹೇಳಿದಳು. ನನಗೆ ಅವಳ ಮೇಲೆ ಅಷ್ಟೊಂದು ಹೆಮ್ಮೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವನು ನಾನೇ.

ಮರುದಿನ ಅಂಗಡಿಗೆ ಹೋದಾಗ ಸುಬ್ರಾಯಣ್ಣ ಹೊಸ ಬ್ರಷ್ಷನ್ನು ತೋರಿಸಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಆ ವೈರಸ್ಸು ಸಾಯುವುದೋ ಎಂದು ಕೇಳಿದರು. ಒಂದು ದೊಡ್ಡ ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ.

"ನಂಗ್ ಗೊತ್ತಿಲ್ಲ ಸುಬ್ರಾಯಣ್ಣ," ಎಂದೆ. "ಮಗಳ್ ಹತ್ರ ಕೇಂಡ್ ಹೇಳ್ತೆ."